ಐದನೇ ಕಾಲಂ

ಫಾರಂನಲ್ಲಿ ಐದನೇ ಕಾಲಂ: ಕೇಳುಗರ ಸಂಖ್ಯೆ.
ಟ್ರಸ್ಟಿನವರಿಗೆ ಅದು ಬೇಕು,
ಟ್ರಸ್ಟಿಗೆ ದುಡ್ಡು ಕೊಡುವವರಿಗೆ ಇನ್ನೂ ಬೇಕು.
ಸ್ಪೀಕರು ಹೊರುವವನು ನಾನು, ವೈರು ಸುತ್ತುವವನು ನಾನು,
ಎಣಿಸುವವನೂ ನಾನೇ.

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟು. ಹರಾಜು ಮುಗಿದ ಹೊತ್ತು.
ನೆಲದಲ್ಲಿ ತುಳಿತಕ್ಕೆ ಸಿಕ್ಕ ಗೂಡು, ಒಣಗಿದ ಸೊಪ್ಪಿನ ಚೂರು,
ಹುಳದ ವಾಸನೆ
(ಬಂದವರಿಗೆ ಮಾತ್ರ, ಇದ್ದವರಿಗಿಲ್ಲ).
ನಳಿನಾಕ್ಷಿ ಮೇಡಂ ಮೂಗಿಗೆ ಸೆರಗು ಹಿಡಿದರು,
ಆಮೇಲೆ ನಾಚಿ ಬಿಟ್ಟರು.
ಎಲ್ಲಿ ನಿಲ್ಲಲಿ ಅಂದರು.
ಎತ್ತರ ಅಂತ ಇದ್ದದ್ದು ತೂಕದ ಯಂತ್ರವೊಂದೇ.
ಹತ್ತಿದರು.
ಕೆಂಪಂಕಿಯಲ್ಲಿ ಐವತ್ತೆಂಟು ಕೆ.ಜಿ. ನಾನೂರು ಗ್ರಾಂ.

‘ಯಾವ ತಳಿ ಅಣ್ಣಾ, ಎಷ್ಟಕ್ಕೆ ಬಿಟ್ರು?’
ತೂಕದ ಮುನಿಕೆಂಪಣ್ಣ ಕೂಗಿದ, ಮಾರ್ಕೆಟ್ಟೇ ನಕ್ಕಿತು,
ಮೇಡಂ ಕೂಡ.
ಅವರು ನಕ್ಕಾಗ ಅಂಕಿ ನಡುಗಿತು,
ಓದಲು ಉಸಿರೆಳೆದಾಗಲೂ.

ಎಲೆಕ್ಷನ್ನಾ? ಒಬ್ಬ ಕೇಳಿದ.
ಸಾಲ ಕೊಡ್ತಾರಂತಾ? ಇನ್ನೊಬ್ಬ.
ಕವಿತೆ ಅಂದೆ. ಇಬ್ಬರೂ ಮೊಬೈಲಿಗೆ ಮರಳಿದರು.
ಟೀ ಹುಡುಗ ನಿಂತ, ಕ್ಯಾನು ಭಾರ ಅಂತ ಹೊರಟ.
ಅವನನ್ನು ಎಣಿಸಬೇಕೋ ಬೇಡವೋ
ಫಾರಂನಲ್ಲಿ ಬರೆದಿಲ್ಲ.

ಬೀಗದ ಕೈ ಕಳೆದುಕೊಂಡವರ ಮನೆಯೊಳಗೆ
ಸಂಜೆಯೊಂದೇ ಸಲೀಸಾಗಿ ಹೋಗುತ್ತದೆ
ಅನ್ನುವಲ್ಲಿಗೆ ಬಂದಿದ್ದರು ಮೇಡಂ.

‘ನಿಲ್ಸಿ.’
ರೀಲರ್ ದಿಲ್‌ಶಾದ್ ಬೇಗಂ. ಕೊಂಡ ಲಾಟಿನ ಪಕ್ಕ ಕುಕ್ಕರುಗಾಲಲ್ಲಿ,
ಬಿಸಿನೀರು ತಿಂದು ಬೆಳ್ಳಗಾದ ಬೆರಳ ತುದಿ ಎತ್ತಿ:
‘ಆ ಲೈನು ಇನ್ನೊಂದ್ಸಲ. ಎಳೆ ತುಂಡಾಗೋಯ್ತು ನಂಗೆ.’
ಓದಿದರು.
‘ಇನ್ನೊಂದ್ಸಲ.’
ಓದಿದರು. ಆಕೆ ತುಟಿಯಲ್ಲೇ ಹಿಡಿದಳು,
ಬೇಸಿನ್ನಿನಲ್ಲಿ ತಪ್ಪಿದ ತುದಿ ಹುಡುಕುವವಳ ಹಾಗೆ,
ಆತುರವೇ ಇಲ್ಲದೆ.

‘ಎಷ್ಟು ಇದಕ್ಕೆ?’
ಪುಕ್ಕಟೆ ಅಂದೆ.
‘ಪುಕ್ಕಟೆ ಮಾಲಲ್ಲಿ ಏನೋ ಐಬು ಇರ್ತದೆ’ ಅನ್ನುತ್ತ
ಲಾಟಿನಿಂದ ಒಂದು ಗೂಡು ಆರಿಸಿ
ಮೇಡಂ ಕಿವಿಯ ಹತ್ತಿರ ಅಲ್ಲಾಡಿಸಿದಳು.
ಗಲಗಲ.
‘ಒಳಗಿಂದ ಸದ್ದು ಬಂದ್ರೆ ಒಳ್ಳೇದು.
ಬರ್ಲಿಲ್ಲ ಅಂದ್ರೆ ಕರಗೋಗಿದೆ ಅಂತ.’
ಗೂಡನ್ನು ಅವರ ಕೈಗೇ ಹಾಕಿದಳು.
ತನ್ನದು ತಾನು ಹೊತ್ತುಕೊಂಡು ಹೋದಳು.

ವಿಜಯಪುರ ದಾಟುವವರೆಗೂ ಮೇಡಂ
ವ್ಯಾನಿನ ಕಿಟಕಿಯ ಪಕ್ಕ ಅದನ್ನು ಅಲ್ಲಾಡಿಸುತ್ತಲೇ ಇದ್ದರು.
ಐದನೇ ಕಾಲಮ್ಮಿನಲ್ಲಿ
ಒಂದು ಅಂತ ಬರೆದೆ. ಹೊಡೆದುಹಾಕಿದೆ.
ಸುಮಾರು ನಲವತ್ತು ಅಂತ ಬರೆದೆ.
ಸುಳ್ಳೇ. ಆದರೆ ನಲವತ್ತು ಅಂದರೆ ಮುಂದಿನ ತಿಂಗಳ ಡೀಸೆಲ್ಲು.

ಹತ್ತು ದಿನ ಕಳೆದು ಮೇಡಂ ಫೋನು:
ಗೂಡು ತೂತಾಗಿದೆ. ಬಿಳೀ ಚಿಟ್ಟೆ ಗೋಡೆಯ ಮೇಲೆ ಕೂತಿದೆ,
ಹಾರುತ್ತಿಲ್ಲ. ಏನು ಕೊಡಲಿ ತಿನ್ನೋಕೆ?

ನಮ್ಮಮ್ಮ ಹುಳ ಮೇಯಿಸಿದವಳು. ನನಗೆ ಗೊತ್ತು.
ಅದು ತಿನ್ನೋದಿಲ್ಲ ಮೇಡಂ, ತಿನ್ನೋಕೆ ಬಾಯಿಲ್ಲ ಅದಕ್ಕೆ.
ಹಾರೋದೂ ಇಲ್ಲ.
‘ನೂಲು?’
ತೂತು ಬಿದ್ದ ಗೂಡಿಂದ ನೂಲು ಬಿಚ್ಚೋಕಾಗಲ್ಲ.

ಆ ಕಡೆ ಸುಮ್ಮನಾದರು.
ನಾನೇ ಹೇಳಿದೆ:
ಬುಧವಾರ ಚಿಂತಾಮಣಿ, ಟೊಮೆಟೊ ಮಂಡಿ,
ಬೆಳಗಿನ ಜಾವ ನಾಲ್ಕಕ್ಕೆ.
ಗದ್ದಲ ಜಾಸ್ತಿ ಅಲ್ಲಿ. ಉದ್ದದ ವೈರು ತರ್ತೀನಿ.