ಬೆಳಕು ತೂರುವಷ್ಟು

ಕೌಹಾಯೋಕಿಯಲ್ಲಿ ಜೂನ್ ತಿಂಗಳ ರಾತ್ರಿ ಹನ್ನೊಂದಕ್ಕೆ
ಬಿಸಿಲು ಇನ್ನೂ ಓಟ್ಸ್ ಹೊಲದ ಮೇಲೆ ಕೂತೇ ಇರುತ್ತದೆ,
ಎಬ್ಬಿಸಿದರೂ ಏಳದ ನೆಂಟನ ಹಾಗೆ.
ಅದಕ್ಕೇ ಬಣ್ಣದ ಕೆಲಸ ಈ ಹೊತ್ತಿಗೆ ಇಟ್ಟುಕೊಂಡೆ, ಯಾಲ್ಮಾರಿ.
ಗಾಳಿ ಮಲಗಿದೆ. ಸೊಳ್ಳೆ ಮಾತ್ರ ಎದ್ದಿವೆ.
ಒಂದೆರಡು ಅಂಟಿಕೊಂಡರೆ ಅಂಟಿಕೊಳ್ಳಲಿ.

ರೇಡಿಯೇಟರನ್ನು ಸೌನಾದ ಮೆಟ್ಟಿಲಿಗೆ ಒರಗಿಸಿದ್ದೇನೆ.
ಹೋದ ವರ್ಷದ ಕೆಸರು, ಜೇನುನೊಣದ ರೆಕ್ಕೆ, ಹುಲ್ಲಿನ ಬೀಜ
ಎಲ್ಲ ನೀನೇ ತೊಳೆದಿದ್ದೀ, ಹಿಂದಿನಿಂದ ಮುಂದಕ್ಕೆ,
ನಾನು ಹೇಳಿದ ಹಾಗೆ. ಪರವಾಗಿಲ್ಲ.
ಬಗ್ಗಿದ ತಗಡಿನ ಎಸಳುಗಳನ್ನು
ಬಾಚಣಿಗೆ ಹಿಡಿದು ನೆಟ್ಟಗೆ ಮಾಡುವಾಗ
ನಿನ್ನ ನಾಲಿಗೆ ತುಟಿಯಾಚೆ ಬಂದಿತ್ತು.
ನಿಮ್ಮಮ್ಮನಿಗೆ ಜಡೆ ಹಾಕುವಾಗ
ನಂದೂ ಹಾಗೇ ಬರುತ್ತಿತ್ತಂತೆ.

ಈಗ ಕೇಳು. ಎಲ್ಲರೂ ತಪ್ಪುವುದು ಇಲ್ಲೇ.

ನಿಮ್ಮಜ್ಜ ತೈಸ್ತೊ ಕೂಡ ತಪ್ಪಿದ.
ನಮ್ಮ ಮೊದಲ ಕಾರು, ಗುಜರಿಯಿಂದ ಎಳೆದು ತಂದ ಸಾಬ್.
ಓಟದ ಹಿಂದಿನ ದಿನ, ನನಗೆ ಹೇಳದೆ,
ಕೊಟ್ಟಿಗೆಗೆ ಬಳಿದು ಉಳಿದ ಕೆಂಪು ಬಣ್ಣವನ್ನು
ಬ್ರಷ್ಷಿನಲ್ಲಿ ಅದ್ದಿ ಅದ್ದಿ ಮೂರು ಸಲ ಬಳಿದಿದ್ದ:
ಮುಂದಿನ ಜಾಲರಿಯೊಳಗಿಂದ ಚೆಂದ ಕಾಣಲಿ ಹಿಲ್ಕಾ, ಅಂತ.

ಮೂರನೇ ಸುತ್ತಿಗೆ ಬಾನೆಟ್ಟಿನಡಿಯಿಂದ ಹಬೆ ಎದ್ದು
ಎದುರಿನ ಗಾಜು ಪೂರಾ ಬೆಳ್ಳಗಾಯಿತು.
ಒಂದು ತಿರುವನ್ನು ನೆನಪಿನಿಂದ ದಾಟಿದೆ,
ಇನ್ನೊಂದನ್ನು ಬೈಗುಳದಿಂದ,
ಆಮೇಲೆ ಮಣ್ಣಿನ ದಿಬ್ಬಕ್ಕೆ ಹೋಗಿ ನಿಂತೆ.
ಜ್ವರ ಬಂದವನಿಗೆ ಮೂರು ಕಂಬಳಿ ಹೊದಿಸಿ
ಯಾಕೆ ಬೆವರುತ್ತೀ ಅಂದ ಹಾಗಾಯಿತಲ್ಲೋ, ಅಂದೆ,
ಊರಿನವರೆಲ್ಲ ಕೇಳುವ ಹಾಗೆ.

ಅವನು ಆ ರಾತ್ರಿ ಉಣ್ಣಲಿಲ್ಲ.
ನನ್ನದೇ ದಬ್ಬಳ ಹಿಡಿದು, ಈ ಮೆಟ್ಟಿಲ ಮೇಲೇ ಕೂತು,
ಮೂರು ವಾರ ಎಸಳೆಸಳಿನ ಸಂದಿ ಬಿಡಿಸಿದ.
ಉಗುರಿನಲ್ಲಿ ಕೆಂಪು ಹಬ್ಬದ ತನಕ ಇತ್ತು.
ಸಾಕು ಏಳು ಅಂತ ನಾನು ಅನ್ನಲಿಲ್ಲ.
ಅನ್ನಬೇಕಿತ್ತು.

ಸರಿ. ಕೊಳವೆಯ ಬಾಯಿಗಳಿಗೆ ಚಿಂದಿ ತುರುಕು.
ಡಬ್ಬಿ ಅಲುಗಾಡಿಸು, ಒಳಗಿನ ಗೋಲಿ ಮಾತಾಡುವ ತನಕ.
ಹೊಳಪು ಬೇಡ ನಮಗೆ.
ಹೊಗೆ ಸೌನಾದ ಗೋಡೆಯ ಮಸಿ ಇದೆಯಲ್ಲ,
ಅಂಥ ಮಂಕು ಕಪ್ಪು, ಅಷ್ಟೇ ತೆಳ್ಳಗೆ.
ಮೊಳದಷ್ಟು ದೂರ ನಿಲ್ಲು. ಎಡಗಡೆಯಿಂದ ಓರೆಯಾಗಿ ಒಮ್ಮೆ,
ಬಲಗಡೆಯಿಂದ ಓರೆಯಾಗಿ ಒಮ್ಮೆ,
ಕೈ ಎಲ್ಲೂ ತಂಗಬಾರದು.
ಅಲ್ಲಲ್ಲಿ ಲೋಹ ಇಣುಕುತ್ತದಾ? ಇಣುಕಲಿ.
ಇಟ್ಟೆನೋ ಇಲ್ಲವೋ ಅನ್ನುವ ಹಾಗೆ ಇಡಬೇಕು.

ಯಾಕೆ ಬಳಿಯಬೇಕು ಅಂತ ಕೇಳಿದೆಯಲ್ಲ, ಬೆಳಿಗ್ಗೆ.
ಓಟ ಮುಗಿದ ಮೇಲೆ ಕಾರನ್ನು ಯಾರು ಬೇಕಾದರೂ
ಗೊತ್ತಾದ ಬೆಲೆಗೆ ಕೇಳಬಹುದು, ಕೊಡೋದಿಲ್ಲ ಅನ್ನುವಂತಿಲ್ಲ,
ಯಾರೋ ಒಯ್ಯುವುದಕ್ಕೆ ಇಷ್ಟೆಲ್ಲ ಯಾಕಜ್ಜೀ, ಅಂತ.
ನೋಡು, ಚಳಿಗಾಲದ ಉಪ್ಪು ತಿಂದು
ಅಂಚಿಗೆ ಬಿಳಿ ಬೂಷ್ಟು ಬಂದಿದೆ.
ಈ ಕಪ್ಪು ಇನ್ನೆರಡು ವರ್ಷ ತಡೆಯುತ್ತದೆ.
ಆ ಎರಡು ವರ್ಷ ಯಾರದೋ.
ಉತ್ತರ ಅಷ್ಟೇ, ಇನ್ನೂ ದೊಡ್ಡದು ನನ್ನ ಹತ್ತಿರ ಇಲ್ಲ.

ಒಣಗಿತಾ? ಅಂಚು ಹಿಡಿದು ಎತ್ತು, ಸೂರ್ಯನ ಕಡೆಗೆ.
ಮೊದಲು ಎಷ್ಟು ಬೆಳಕು ತೂರುತ್ತಿತ್ತೋ
ಈಗಲೂ ಅಷ್ಟೇ ತೂರಬೇಕು.
ಬೆಳಕು ಬಂದಲ್ಲಿ ಗಾಳಿಯೂ ಬರುತ್ತದೆ.
ಹಾಂ, ನಿನ್ನ ಮುಖದ ತುಂಬ ಜರಡಿ ಹಿಡಿದಂತೆ ಚುಕ್ಕಿ,
ಮೂಗಿನ ಮೇಲೆ, ಹುಬ್ಬಿನ ಮೇಲೆ,
ಗದ್ದದ ಎಡಕ್ಕೆ ಮಾತ್ರ
ನಾಣ್ಯದಗಲ ಕತ್ತಲು.

ಅಲ್ಲಿ ಕೈ ನಿಂತಿತ್ತು ನಿಂದು. ಸೊಳ್ಳೆ ಕಚ್ಚಿದಾಗ.
ಅದಕ್ಕೆ ಯಾಕೋ ಮುಖ ಸಣ್ಣ ಮಾಡುತ್ತೀ.
ಬಿಸ್ಕತ್ತಿನ ಡಬ್ಬಿಯಲ್ಲಿ, ಗುಂಡಿಗಳ ಅಡಿಯಲ್ಲಿ
ದಬ್ಬಳ ಇದೆ, ಇನ್ನೊಂದೂ ಇದೆ.
ಎರಡೂ ತಾ.
ಸ್ವಲ್ಪ ಅತ್ತ ಸರಿ,
ನನಗೂ ಜಾಗ ಬಿಡು.