ಉಬ್ಬು ತಗ್ಗು

ಸಿರಿಲ್ ಪೊರ್ಬುಗಳು ಬಂದು ತಾರಸಿಯ ಉದ್ದಗಲ
ಹೆಜ್ಜೆಯಲ್ಲೇ ಅಳೆದು, ಸಿಗರೇಟು ಪ್ಯಾಕಿನ ಬೆನ್ನಿಗೆ ಬರೆದರು:
ಚದರಡಿಗೆ ಇನ್ನೂರ ಮೂವತ್ತು, ಮಜೂರಿ ಸೇರಿ.
ನಾನು ಮತ್ತೆ ಅಳೆದೆ, ಕೊರಳಿನ ಟೇಪಿನಲ್ಲಿ,
ಕಟಪಾಡಿಯ ಅರ್ಧ ಊರಿನ ಸೊಂಟ ಗೊತ್ತಿರುವ ಟೇಪು ಅದು.
ಪೊರ್ಬುಗಳ ಲೆಕ್ಕ ಎರಡಿಂಚೂ ತಪ್ಪಿರಲಿಲ್ಲ.
ಸಿಟ್ಟು ಬಂದದ್ದೇ ಅದಕ್ಕೆ.

ಮಜೂರಿ ಬಿಟ್ಟರೆ ಎಷ್ಟು ಎಂದೆ.
"ಬಿಟ್ಟರೆ ಹಾಕುವುದು ಯಾರು ಜಲಜಕ್ಕ?" ಎಂದು ನಕ್ಕರು.
ನಗಬಾರದಿತ್ತು.

ಪೇಟೆಯ ಬಾಡಿಗೆ ಉಳಿಯಬೇಕಾದರೆ ಹೊಲಿಗೆ ಯಂತ್ರ ಮೇಲೆ ಬರಬೇಕು.
ಕಬ್ಬಿಣದ ಚೌಕಟ್ಟು ಸೇಸಪ್ಪ ವೆಲ್ಡಿಂಗ್ ಮಾಡಿ ಹೋದ,
ಬೆಂಕಿಯ ಕೆಲಸ ನನಗೆ ಬೇಡ, ಅಷ್ಟು ಬುದ್ಧಿ ಇದೆ.
ಶೀಟಿನ ದರ ಮಲ್ಲಿಗೆಯ ಅಟ್ಟೆಯ ಹಾಗೆ ದಿನಕ್ಕೊಂದು;
ಇಳಿದ ದಿನ ನೋಡಿ ಏಳು ಶೀಟು ಟೆಂಪೋದಲ್ಲಿ ತಂದೆ.
ನೀಲಿ. ಮದುವೆ ಬ್ಲೌಸಿಗೆ ಯಾರೂ ಒಪ್ಪದ ನೀಲಿ.

ಏನಿದೆ ಇದರಲ್ಲಿ? ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು,
ಹೊಲಿಗೆಗೆ ಒಳಗೆ ಬಿಡುವ ಬಟ್ಟೆಯಷ್ಟು.
ಮೂವತ್ತೊಂದು ವರ್ಷ ಮಾಡಿದ್ದು ಅದನ್ನೇ ಅಲ್ಲವೇ,
ಎರಡು ತುಂಡು, ನಡುವೆ ಕಾಣದ ಹಾಗೆ ಒಂದು ಗೆರೆ.

ಪತ್ತನಾಜೆಗೆ ನಾಲ್ಕು ದಿನ ಇದೆ ಎನ್ನುವಾಗ
ನಾದಿನಿ ಬೇಬಿಯೂ ನಾನೂ ಏಣಿ ಹತ್ತಿದೆವು,
ಚೂಡಿದಾರದ ಮೇಲೆ ಗಂಡಸರ ಅಂಗಿ, ಕೈಗೆ ಹಳೆಯ ಸಾಕ್ಸು.
ಕಾದ ಕಾವಲಿ ಆ ಶೀಟು, ಬಂಗುಡೆ ಇಟ್ಟರೆ ಹುರಿದೀತು.
ಕೆಳಗೆ ಗೂಡಂಗಡಿಯ ಗೋಳಿಸೋಡದವರೆಲ್ಲ ಬಾಯಿ ತೆರೆದು ಮೇಲೆ.
ಏಣಿ ಹಿಡಿದರೋ ಒಬ್ಬರಾದರೂ? ಇಲ್ಲ.
ಸಲಹೆ ಕೊಟ್ಟರು, ಏಣಿಗಿಂತ ಉದ್ದದ್ದು.

ಡ್ರಿಲ್ಲು ಗುರ್ರೆಂದಿತು. ಮೊದಲ ಸ್ಕ್ರೂ ಸೊಟ್ಟ,
ಎರಡನೆಯದೂ. ಹನ್ನೊಂದರ ಮೇಲೆ ಕೈ ಕುದುರಿತು.
ಎಲ್ಲವನ್ನೂ ತಗ್ಗಿನಲ್ಲೇ ಹೊಡೆದೆ, ಶೀಟು ಕಬ್ಬಿಣಕ್ಕೆ
ಮೈ ತಾಗಿಸಿ ಕೂತಲ್ಲಿ, ಗಟ್ಟಿ ಇರಲೆಂದು.
ಸೂಜಿಗೆ ಗೊತ್ತಿರುವುದೇ ಅಷ್ಟು: ತಾಗಿದಲ್ಲಿ ಚುಚ್ಚು.
ಸಂಜೆ ಅದರ ನೆರಳಿನಲ್ಲಿ ಬೇಬಿ ಮಲಗಿಯೇಬಿಟ್ಟಳು.
ಉಳಿದ ಹಣವನ್ನು ನಾನು ಮೂರು ಸಲ ಎಣಿಸಿದೆ.

ಮಳೆ ಪತ್ತನಾಜೆಯನ್ನು ಕಾಯಲಿಲ್ಲ.
ರಾತ್ರಿ ಒಂದೂವರೆಗೆ ಮಟ್ಟುವಿನ ಕಡೆಯಿಂದ ಗಾಳಿ ಎದ್ದಿತು.
ಅಂಚುಗಳೆಲ್ಲ ಪಡುವಣಕ್ಕೇ ಬಾಯಿ ತೆರೆದಿದ್ದವು,
ಹಾಗೆ ಹಾಸಿದವಳು ನಾನೇ.
ನೀರು ಸುರಿಯಲಿಲ್ಲ, ನುಸುಳಿತು,
ಸ್ಕ್ರೂವಿನ ಬುಡದಿಂದ ಒಂದೊಂದೇ ಹನಿ,
ಗಂಟು ಹಾಕದ ದಾರ ಜಾರುವ ಹಾಗೆ.
ಹೆಮ್ಮಿಂಗ್ ಮುಗಿದ ಇಪ್ಪತ್ತಾರು ಬ್ಲೌಸು
ಕತ್ತಲೆಯಲ್ಲೇ ಇಳಿದು ಅಡುಗೆಮನೆಯ ಹಗ್ಗಕ್ಕೆ.

ಆಗ ನೆನಪಾದಳು ಬ್ಯಾಂಕಿನ ವನಮಾಲ.
ಫೋನಿನಲ್ಲಿ ನೋಡಿ ತಾನೇ ಕತ್ತರಿಸಿದ ಇಳಕಲ್ ಖಣವನ್ನು
ಮೇಜಿನ ಮೇಲಿಟ್ಟು ಮಾತಾಡದೆ ನಿಂತಿದ್ದಳು.
ತೋಳಿನ ಸುತ್ತಿನಲ್ಲಿ ಕತ್ತರಿ ಒಂದಂಗುಲ ಹೆಚ್ಚು ಹೋಗಿತ್ತು.
ಕತ್ತರಿಸಿ ತಂದದ್ದಕ್ಕೆ ಮಜೂರಿ ದುಪ್ಪಟ್ಟು, ಎಂದಿದ್ದೆ.
ನಕ್ಕೂ ಇದ್ದೆ.

ಬೆಳಿಗ್ಗೆ ಪೊರ್ಬುಗಳು ಬಂದರು. ಈ ಸಲ ನಗಲಿಲ್ಲ.
ಚಪ್ಪಲಿ ಬಿಟ್ಟು ಹತ್ತಿ, ಶೀಟಿನ ಮೇಲೆ ಕುಕ್ಕರಗಾಲಲ್ಲಿ ಕೂತು
ಬೆರಳಿನಿಂದ ಉಬ್ಬನ್ನು ತಟ್ಟಿದರು.
"ನೀರು ಓಡುವುದು ತಗ್ಗಿನಲ್ಲಿ ಜಲಜಕ್ಕ, ತೂತು ಇಲ್ಲಿ ಬೀಳಬೇಕು.
ಮತ್ತೆ, ಶುರು ಮೂಡಿನಿಂದ. ಗಾಳಿಗೆ ಅಂಚು ಸಿಗಬಾರದು."
ಎಷ್ಟಾಗುತ್ತದೆ ಎಂದೆ, ದುಪ್ಪಟ್ಟು ಕೇಳಲು ತಯಾರಾಗಿ.
ಸ್ವಲ್ಪ ಹೊತ್ತು ಕಡಲ ಕಡೆ ನೋಡಿದರು.
"ನನ್ನ ಒಂದು ದಿನದ್ದು, ಎರಡು ಟ್ಯೂಬು ಸಿಲಿಕಾನಿನದ್ದು.
ಡ್ರಿಲ್ಲು ನೀವೇ ಹಿಡಿಯಿರಿ, ಕೈ ನೇರ ಇದೆ."

ಆರು ಶೀಟು ಬಿಚ್ಚಿ ಹಾಕಿದೆವು. ಏಳನೆಯದು,
ಮೂಡು ಮೂಲೆಯದು, ಆ ರಾತ್ರಿ ಸೋರದೆ ಮರ್ಯಾದೆ ಉಳಿಸಿದ್ದು,
ಅದನ್ನು ಮುಟ್ಟಲು ನಾನು ಬಿಡಲಿಲ್ಲ.
ಉಳಿದ ತೂತುಗಳಿಗೆಲ್ಲ ಸಾಲಾಗಿ ಸಿಲಿಕಾನಿನ ಬೊಟ್ಟು,
ಹೊಲಿಗೆ ಬಿಚ್ಚಿದ ಬಟ್ಟೆಯ ಗುರುತಿನ ಹಾಗೆ,
ಎಷ್ಟು ಇಸ್ತ್ರಿ ಎಳೆದರೂ ಹೋಗದ್ದು.

ಈಗ ಆಟಿ. ಹೊರಗೆ ಕಿವಿ ಕೇಳದಷ್ಟು ಮಳೆ.
ಏಳನೆಯ ಶೀಟಿನಿಂದ ಗಳಿಗೆಗೊಂದು ಹನಿ
ಗುಂಡಿ ಡಬ್ಬಿಯೊಳಗೆ ಟಿಣ್ಣೆನ್ನುತ್ತದೆ.
ಯಂತ್ರವನ್ನು ಒಂದಡಿ ಸರಿಸಿದ್ದೇನೆ.
ಪೊರ್ಬುಗಳಿಗೆ ಹೇಳಿಲ್ಲ.