ಒಂದಕ್ಕೆ ಎಂಟು

ಹಲಗೆ ಎರಡೂವರೆ ಮೀಟರು, ದೋಣಿ ಮೂರೂಮುಕ್ಕಾಲು.
ಲೆಕ್ಕ ಇಷ್ಟೇ. ಅದಕ್ಕಾಗಿ ಮೂರು ವಾರದಿಂದ
ನನ್ನ ಅಡುಗೆಮನೆಯ ಮೇಜು ನನ್ನದಲ್ಲ.
ರೈ ರೊಟ್ಟಿ ಕೊಯ್ದರೆ ಒಳಗೂ ಮರದ ಹೊಟ್ಟು.

ಹೀಯುಮಾದಲ್ಲಿ ಮಾರ್ಚ್ ಎಂದರೆ ವಸಂತವಲ್ಲ,
ಸಮುದ್ರ ಇನ್ನೂ ದಡಕ್ಕೆ ಅಂಟಿಕೊಂಡೇ ಇರುತ್ತದೆ.

ಕಾಲ್ಯು ನಲವತ್ತು ವರ್ಷ ಕಬ್ಬಿಣ ಬೆಸೆದವನು,
ಬಂದರಿನ ಶೆಡ್ಡಿನಲ್ಲಿ, ಮುಖಕ್ಕೆ ಕಪ್ಪು ಗಾಜು ಹಿಡಿದು.
ಕಬ್ಬಿಣ ಸಿಟ್ಟಿನ ಜಾತಿ, ಅನ್ನುತ್ತಾನೆ,
ಕಾಯಿಸಿದರೆ ಕರಗುತ್ತದೆ, ಕರಗಿದರೆ ಕೂಡುತ್ತದೆ.
ಮರವನ್ನು ಪುಸಲಾಯಿಸಬೇಕು.

ಒಂದಕ್ಕೆ ಎಂಟು: ಆರು ಮಿಲಿಮೀಟರ್ ದಪ್ಪಕ್ಕೆ
ನಲವತ್ತೆಂಟು ಮಿಲಿಮೀಟರಿನ ಇಳಿಜಾರು.
ತುದಿ ಕೊನೆಗೆ ಕಾಗದಕ್ಕಿಂತ ತೆಳು,
ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣಬೇಕು.
ಕೀಸುಳಿ ತಳ್ಳುತ್ತಾನೆ, ನಿಲ್ಲುತ್ತಾನೆ, ಬಗ್ಗಿ ನೋಡುತ್ತಾನೆ.
ಪ್ಲೈವುಡ್ಡಿನ ಪದರಗಳು ಪಟ್ಟೆಯಾಗಿ ಎದ್ದು ಬರುತ್ತವೆ,
ಕಂದು, ತಿಳಿ, ಕಂದು, ತಿಳಿ,
ನಮ್ಮಜ್ಜಿಯ ಉಣ್ಣೆಲಂಗದ ಹಾಗೆ.
ಪಟ್ಟೆ ಸೊಟ್ಟಗಾದರೆ ಓರೆಯೂ ಸೊಟ್ಟ.
ಎರಡು ಸಲ ಸೊಟ್ಟಗಾಯಿತು. ಎರಡು ಸಲವೂ
ಬೈಗುಳ ರಷ್ಯನ್ನಿನಲ್ಲಿ ಬಂತು: ಅಂಥದಕ್ಕೆಲ್ಲ ಅವನು
ಮನೆಯ ಭಾಷೆಯನ್ನು ಕೊಳೆ ಮಾಡುವುದಿಲ್ಲ.

ನೇರ ಕೊಯ್ದು ಮೂತಿಗೆ ಮೂತಿ ಅಂಟಿಸಿದರಾಗದೇ, ಎಂದೆ.
ಆಗದು, ಎಂದ ತಲೆಯೆತ್ತದೆ.
ನೇರ ಕೊಯ್ದ ಮೂತಿ ಅಂಟನ್ನೆಲ್ಲ ಕುಡಿದುಬಿಡುತ್ತದೆ,
ಹಿಡಿದುಕೊಳ್ಳಲು ಏನನ್ನೂ ಉಳಿಸುವುದಿಲ್ಲ.

ನನಗದು ಗೊತ್ತಿತ್ತು.
ಗಡಿಕಾವಲಿನವರು ಬಂದು ಅಪ್ಪನ ದೋಣಿಯನ್ನು
ನಡುವಿಗೆ ಗರಗಸವಿಟ್ಟು ಎರಡು ಮಾಡಿದಾಗ ನನಗೆ ಐದು.
ಸಮುದ್ರದಾಚೆ ಸ್ವೀಡನ್ ಇತ್ತು; ದೋಣಿಯ ತಪ್ಪು ಅಷ್ಟೇ.
ಒಳ್ಳೆಯ, ನೇರವಾದ ಕೊಯ್ತ.
ಅವರಲ್ಲೊಬ್ಬ ಬಡಗಿಯ ಮಗನಿರಬೇಕು.
ಮೂತಿಯ ಭಾಗವನ್ನು ಅಮ್ಮ ಬೋರಲು ಹಾಕಿ ಕೋಳಿಗೂಡು ಮಾಡಿದಳು.
ಹಿಂಭಾಗ ನೆಟ್ಟಗೆ ನಿಂತು ಉಪ್ಪುಮೀನಿನ ಪೀಪಾಯಿಗೆ ಸೂರಾಯಿತು.
ಇಪ್ಪತ್ತು ವರ್ಷ ಅವೆರಡರ ನಡುವೆ ನಡೆದಾಡಿದೆವು,
ಮೊಟ್ಟೆಗೆ ಆ ಕಡೆ, ಮೀನಿಗೆ ಈ ಕಡೆ.
ಅಪ್ಪ ಮಾತ್ರ ಸುತ್ತಿ ಹೋಗುತ್ತಿದ್ದ.

ಕಾಲ್ಯುಗೆ ಒಮ್ಮೆ ಹೇಳಿದ್ದೆ, ಮದುವೆಯ ಹೊಸದರಲ್ಲಿ.
ಅವನು ಒಳನಾಡಿನವನು, ಮರೆತಿರಬಹುದು.

ಅಂಟು ಕಲಸುವುದು ನನ್ನ ಪಾಲು, ಹಿಟ್ಟು ನಾದಿದ ಕೈಯಂತೆ.
ಎರಡಕ್ಕೆ ಒಂದು, ಮೊಸರಿನ ಖಾಲಿ ಡಬ್ಬಿಯಲ್ಲಿ.
ಮೊದಲು ತೆಳ್ಳಗೆ ಬಳಿ, ಮರ ಕುಡಿಯಲಿ; ಗಟ್ಟಿಯದು ಆಮೇಲೆ.
ಮೇಲೊಂದು ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ದಿಮ್ಮಿ,
ದಿಮ್ಮಿಗೆ ನಾಲ್ಕು ಕ್ಲ್ಯಾಂಪು, ಸಾಲದ್ದಕ್ಕೆ
ಹುಳಿಕೋಸಿನ ಭರಣಿಯ ಮೇಲಿಡುವ ನನ್ನ ಕಲ್ಲು.
ಇನ್ನೊಂದು ಸುತ್ತು ಬಿಗಿಯಹೋದೆ. ಕೈ ಹಿಡಿದ:
ಸಾಕು, ತೀರ ಒತ್ತಿದರೆ ಅಂಟೆಲ್ಲ ಹೊರಗೆ ಬಂದು
ಸಂದು ಹಸಿದುಕೊಂಡೇ ಇದ್ದುಬಿಡುತ್ತದೆ.
ಕಬ್ಬಿಣದವನ ಬಾಯಲ್ಲಿ ಇಂಥ ಮಾತು
ನಾನು ಕೇಳಿದ್ದು ಇದೇ ಮೊದಲು.

ರಾತ್ರಿ ಒಲೆ ಆರಿತು. ಹೊರಗೆ ಮೈನಸ್ ಹನ್ನೊಂದು.
ಚಳಿಗೆ ಈ ಅಂಟು ಗಟ್ಟಿಯಾಗದಂತೆ.
ಕಾಲ್ಯು ಸದ್ದಿಲ್ಲದೆ ಎದ್ದ,
ನಮ್ಮ ಹಾಸಿಗೆಯ ಕರೆಂಟಿನ ಹೊದಿಕೆಯನ್ನು ಎಳೆದುಕೊಂಡು ಹೋಗಿ
ಮೇಜಿಗೆ ಹೊದಿಸಿ, ಗುಂಡಿಯನ್ನು ಎರಡಕ್ಕೆ ತಿರುಗಿಸಿ
ಬಂದು ಮಲಗಿದ.
ಅವನ ಪಾದ ಮಂಜುಗಟ್ಟಿದ ಮೀನು. ನನ್ನದೂ.
ಒಂದರ ಮೇಲೊಂದು ಇಟ್ಟುಕೊಂಡೆವು, ಓರೆಯಾಗಿ.

ಬೆಳಗ್ಗೆ ಮಾದರಿಯ ತುಂಡನ್ನು ಮೊಣಕಾಲಿಗೆ ಕೊಟ್ಟು ಮುರಿದ.
ಮುರಿದದ್ದು ಮರ, ಕೂಡಿದ ಜಾಗದಿಂದ ನಾಲ್ಕು ಬೆರಳಾಚೆ.
ಅದನ್ನು ನನ್ನ ಅಂಗೈಗಿಟ್ಟು, ಕಿಟಕಿಯ ಕಡೆ ನೋಡುತ್ತ,
ಆ ಮೂತಿಯೊಳಗೆ ಕೋಳಿ ಎಷ್ಟಿದ್ದವು, ಎಂದ.

ಒಂಬತ್ತು, ಎಂದೆ. ಒಂದು ಹುಂಜ.

ಇನ್ನೂ ಏಳು ಕೂಡು ಬಾಕಿ.
ಮೇ ತಿಂಗಳತನಕ ಹೊದಿಕೆ ದೋಣಿಗೇ.